ಎಣ್ಣೆ ಸೀಗೆಕಾಯಿ

(ಮೈಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ನಾನು ಪಿಯುಸಿ ಓದುವಾಗ ನಮ್ಮ ಬೀದಿಯ ಕೊನೆಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಹತ್ತಡಿ ಅಗಲದ ಅಂಗಡಿ, ಮೂರು ಗೋಡೆಗೂ ಕಾದಂಬರಿ. ಅಮ್ಮನ ಹೆಸರಿನಲ್ಲಿ ಮೆಂಬರಾಗಿ, ಅಮ್ಮನಿಗೊಂದು ನನಗೊಂದು ಎಂದು ವಾರಕ್ಕೆರಡು ಪುಸ್ತಕ ತರುತ್ತಿದ್ದೆ. ಅದರಲ್ಲಿ ಒಂದು ಕಾದಂಬರಿ ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ರಟ್ಟು ಕಟ್ಟುವಾಗ ಮೊದಲ ಹಾಳೆಗಳು ಎಲ್ಲೋ ಕಳಚಿ ಬಿದ್ದಿದ್ದರಿಂದ ಅದರ ಹೆಸರೂ ಬರೆದವರ ಹೆಸರೂ ನನಗೆ ಸಿಕ್ಕಲೇ ಇಲ್ಲ. ಒಂದೇ ವಠಾರದಲ್ಲಿ ಬೆಳೆದ ಇಬ್ಬರ ಕತೆ. ಹುಡುಗಿ ಮಾತಿನ ಮಲ್ಲಿ. ಹುಡುಗ ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುವವನು. ಜಗಳವಾಡುತ್ತಲೇ ಬೆಳೆದು, ಸ್ನೇಹಿತರಾಗಿ, ಕೊನೆಗೆ ಒಬ್ಬರಿಗೊಬ್ಬರು ಒಲಿಯುತ್ತಾರೆ.

ಪುಸ್ತಕದ ಕೊನೆಯಲ್ಲಿ ಅವನು ಪ್ರೀತಿ ಹೇಳಿಕೊಳ್ಳುವ ಪುಟ ಹೊಸದರಂತೆಯೇ ಗರಿಗರಿಯಾಗಿತ್ತು. ಸವೆದದ್ದು ನಡುವಿನ ಒಂದು ಪುಟ. ಅದರ ಕೆಳಮೂಲೆ ಕಂದಿ, ಎಷ್ಟೋ ಹೆಂಗಸರ ಬೆರಳಿನ ಎಣ್ಣೆ ಹೀರಿ, ಹಿಂಬದಿಯ ಅಕ್ಷರ ಕಾಣುವಷ್ಟು ತೆಳುವಾಗಿತ್ತು. ಆ ಪುಟದಲ್ಲಿ ದೊಡ್ಡದೇನೂ ನಡೆಯುವುದಿಲ್ಲ. ಸಂಜೆ ನಲ್ಲಿಕಟ್ಟೆಯ ಹತ್ತಿರ ಅವಳು ಎಂದಿನ ಹಾಗೆ ಮಾತಾಡುತ್ತಿದ್ದಾಳೆ, ವಠಾರವೆಲ್ಲ ನಗುತ್ತಿದೆ. ಅವನೊಬ್ಬ ಬಿಂದಿಗೆ ಕೆಳಗಿಟ್ಟು, “ಏನಾಯ್ತು ನಿಂಗೆ ಇವತ್ತು?” ಅನ್ನುತ್ತಾನೆ. ಅವಳ ಮಾತು ನಿಂತುಹೋಗುತ್ತದೆ. ಅಷ್ಟೇ.

ಆ ಪುಟಕ್ಕೇ ಯಾಕೆ ಅಷ್ಟು ಜನ ಮತ್ತೆ ಮತ್ತೆ ಬಂದರು? ಈ ಪ್ರಶ್ನೆಯನ್ನು ನಾನು ನಲವತ್ತೈದಕ್ಕೂ ಹೆಚ್ಚು ವರ್ಷದಿಂದ ಹೊತ್ತುಕೊಂಡು ತಿರುಗಿದ್ದೇನೆ. ಇಂದಿನ ಉಪನ್ಯಾಸ ಅದಕ್ಕೆ ಉತ್ತರ ಹುಡುಕುವ ನನ್ನ ಪ್ರಯತ್ನ.

ತದ್ವಿರುದ್ಧ ಸ್ವಭಾವದ ಇಬ್ಬರನ್ನು ಕಂಡರೆ ನಮ್ಮ ಕಡೆ ಒಂದು ಮಾತಿದೆ: ಎಣ್ಣೆ ಸೀಗೆಕಾಯಿ. ಅತ್ತೆ ಸೊಸೆ, ದಾಯಾದಿಗಳು, ಒಂದೇ ಪಕ್ಷದ ಇಬ್ಬರು ಮುಖಂಡರು, ಯಾರ ನಡುವೆ ಹೊಂದುವುದಿಲ್ಲವೋ ಅವರಿಗೆಲ್ಲ ಈ ಮಾತನ್ನು ಧಾರಾಳವಾಗಿ ಹಂಚುತ್ತೇವೆ. ಆದರೆ ಮಾತು ಹುಟ್ಟಿದ ಬಚ್ಚಲಮನೆಗೆ ಒಮ್ಮೆ ಹೋಗಿ ನೋಡಿ. ಅಲ್ಲಿ ಎಣ್ಣೆಯೂ ಬೇಕು, ಸೀಗೆಕಾಯಿಯೂ ಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೆ ಅಭ್ಯಂಜನವೇ ಇಲ್ಲ. ಎಣ್ಣೆ ಹಚ್ಚಿದ ಕೂಡಲೇ ಸೀಗೆಪುಡಿ ಹಾಕಿ ತೊಳೆದರೆ ಎಣ್ಣೆ ದಂಡ. ನಡುವೆ ಒಂದಷ್ಟು ಹೊತ್ತು ಮಣೆಯ ಮೇಲೆ ಸುಮ್ಮನೆ ಕೂತಿರಬೇಕು. ಅಜ್ಜಿಯರು ಅದಕ್ಕೆ “ನೆನೀಲಿ” ಅನ್ನುತ್ತಿದ್ದರು. ಕನ್ನಡದಲ್ಲಿ ನೆನೆಯುವುದು ಅಂದರೆ ತೊಯ್ಯುವುದು, ನೆನೆಯುವುದು ಅಂದರೆ ಜ್ಞಾಪಿಸಿಕೊಳ್ಳುವುದು ಕೂಡ. ಸಂಸ್ಕೃತದಿಂದ ನಮಗೆ ಬಂದ ‘ಸ್ನೇಹ’ ಎಂಬ ಶಬ್ದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಇದೆ. ಆಯುರ್ವೇದದವರು ಇವತ್ತಿಗೂ ‘ಸ್ನೇಹನ’ ಅನ್ನುವುದು ಮೈಗೆ ಎಣ್ಣೆ ಹಿಡಿಸುವ ಚಿಕಿತ್ಸೆಗೆ. ಇಷ್ಟನ್ನೂ ಭಾಷೆ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿರುವಾಗ, ಎಣ್ಣೆ ಸೀಗೆಕಾಯಿ ಎಂಬ ಮಾತನ್ನು ಬರೀ ಹಗೆತನಕ್ಕೆ ಬಿಟ್ಟುಕೊಟ್ಟದ್ದು ನಷ್ಟವೆಂದೇ ನನಗೆ ತೋರುತ್ತದೆ.

ಸ್ನೇಹದಿಂದ ಪ್ರೇಮಕ್ಕೆ ಬರುವ ಕತೆಗಳ ಸೊಗಸು ಈ ನೆನೆಯುವ ಹೊತ್ತಿನಲ್ಲಿದೆ. ಮೊದಲ ನೋಟದ ಪ್ರೇಮದಲ್ಲಿ ಬೆಳಕು ಒಮ್ಮೆಲೇ ಬೀಳುತ್ತದೆ, ಅದರ ಚೆಲುವು ಬೇರೆ. ಇಲ್ಲಿ ಹಾಗಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಏನೂ ಬಯಸದೆ ನೋಡಿದ್ದಾರೆ. ಜ್ವರ ಬಂದಾಗ, ಸೋತಾಗ, ಸಿಟ್ಟಿನಲ್ಲಿ ಅನ್ಯಾಯದ ಮಾತಾಡಿದಾಗ ನೋಡಿದ್ದಾರೆ. ಮೆಚ್ಚಿಸಬೇಕೆಂಬ ಹಂಬಲ ಇಲ್ಲದ ದಿನಗಳಲ್ಲಿ ಮನುಷ್ಯ ತನ್ನ ನಿಜವಾದ ಅಳತೆಯಲ್ಲಿ ಇರುತ್ತಾನೆ. ಆ ಅಳತೆ ಗೊತ್ತಿದ್ದೂ ಒಬ್ಬರು ನಮ್ಮನ್ನು ಆರಿಸಿಕೊಂಡರು ಅಂದರೆ ಅದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ. ಜೇನ್ ಆಸ್ಟಿನ್ 1815ರ ಕೊನೆಯಲ್ಲಿ ಹೊರತಂದ ‘ಎಮ್ಮಾ’ ಕಾದಂಬರಿಯಲ್ಲಿ ನಾಯಕಿಯ ತಪ್ಪನ್ನು ಮುಖಕ್ಕೆ ಹೇಳುವವನು ನೈಟ್ಲಿ ಒಬ್ಬನೇ. ಊರೆಲ್ಲ ಹೊಗಳುವಾಗ ಅವನು ಗದರುತ್ತಾನೆ. ಓದುಗರು ಎರಡು ಶತಮಾನದಿಂದ ಅವನನ್ನೇ ನಂಬಿಕೊಂಡಿದ್ದಾರೆ.

ಹಳೆಯ ಕನ್ನಡದಲ್ಲಿ ಸ್ನೇಹಕ್ಕೆ ‘ಕೆಳೆ’ ಎಂಬ ಮಾತಿತ್ತು. ಅದರಿಂದಲೇ ಗೆಳೆಯ, ಗೆಳತಿ, ಕೆಳದಿ. ಅದರ ಪಕ್ಕದಲ್ಲೇ ‘ಗೆಣೆ’ ಎಂಬ ಇನ್ನೊಂದು ಮಾತು. ಜೊತೆ, ಸ್ನೇಹ ಎಂಬ ಅರ್ಥ ಅದಕ್ಕೂ ಇದೆ. ಆದರೆ ಗೆಣೆಯ, ಗೆಣೆಕಾರ ಅಂದ ಕೂಡಲೇ ಹಳ್ಳಿಯಲ್ಲಿ ಜನ ತಿರುಗಿ ನೋಡುತ್ತಾರೆ, ಅದು ಪ್ರಿಯಕರನ ಮಾತು. ಗೆಳೆಯನಿಂದ ಗೆಣೆಯನಿಗೆ ಕನ್ನಡದಲ್ಲಿ ದೂರ ಬಹಳವಿಲ್ಲ. ಆ ಸಣ್ಣ ದೂರವನ್ನು ದಾಟಲು ನಮ್ಮ ಸಮಾಜ ಹೆಣ್ಣುಮಕ್ಕಳಿಗೆ ದಾರಿ ಬಿಟ್ಟಿರಲಿಲ್ಲ, ಅಷ್ಟೇ.

ಮದುವೆಯ ಸಪ್ತಪದಿಯನ್ನು ನೀವೆಲ್ಲ ನೋಡಿದ್ದೀರಿ. ಅನ್ನಕ್ಕೆ ಒಂದು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ, ಹೀಗೆ ಸಾಗಿ ಏಳನೆಯ ಹೆಜ್ಜೆ ಸಖ್ಯಕ್ಕೆ. ನಮ್ಮ ಹಿರಿಯರು ದಾಂಪತ್ಯದಲ್ಲಿ ಸ್ನೇಹವನ್ನು ಮರೆತಿರಲಿಲ್ಲ, ಕೊನೆಯಲ್ಲಿ ಇಟ್ಟಿದ್ದರು. ಅಲ್ಲಿಗೆ ತಲುಪಿದವರು ಎಷ್ಟು ಮಂದಿ, ತಲುಪಲು ಎಷ್ಟು ವರ್ಷ ಬೇಕಾಯಿತು ಎಂದು ಮಂಟಪದಲ್ಲಿ ಯಾರೂ ಕೇಳುವುದಿಲ್ಲ. ನಾನು ಹೇಳುತ್ತಿರುವ ಕತೆಗಳಲ್ಲಿ ಜನ ಏಳನೆಯ ಹೆಜ್ಜೆಯಿಂದಲೇ ಹೊರಡುತ್ತಾರೆ.

ನನ್ನ ಅಮ್ಮನನ್ನು ನೋಡಲು ಅಪ್ಪ ಬಂದದ್ದು 1957ರಲ್ಲಿ. ಉಪ್ಪಿಟ್ಟು, ಸಜ್ಜಿಗೆ, ಕಾಫಿ, ಒಂದು ದೇವರನಾಮ. ಒಟ್ಟು ಇಪ್ಪತ್ತು ನಿಮಿಷ. ಅಮ್ಮ ತಲೆಯೆತ್ತಲಿಲ್ಲವಾದ್ದರಿಂದ ಅಪ್ಪನಲ್ಲಿ ಅವಳು ನೋಡಿದ್ದು ಎರಡು ಪಾದ ಮಾತ್ರ. ಎಡಗಾಲಿನ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿತ್ತಂತೆ. “ಎಡವಿದ್ದಾರೆ ಪಾಪ, ಅಂತ ಅನ್ನಿಸ್ತು ಕಣೇ. ಅದೊಂದೇ ನನಗೆ ಗೊತ್ತಿದ್ದದ್ದು” ಎಂದು ಅಮ್ಮ ಹೇಳುತ್ತಿದ್ದಳು. ಅಪ್ಪ ಮಿತಭಾಷಿ, ಲೆಕ್ಕದ ಮನುಷ್ಯ, ರಾತ್ರಿ ಒಂಬತ್ತಕ್ಕೆ ದೀಪ ಆರಿಸುವವರು. ಅಮ್ಮ ರೇಡಿಯೋ ನಾಟಕದ ಪಾತ್ರಗಳಿಗೆಲ್ಲ ಎದುರು ಮಾತಾಡುವವಳು, ಬೀದಿಯ ಎಲ್ಲರ ಹೆರಿಗೆಯ ದಿನಾಂಕ ನೆನಪಿಟ್ಟವಳು. ಆ ಎರಡು ಸ್ವಭಾವಗಳು ಒಂದೇ ಸೂರಿನಡಿ ಬಂದವು, ನಡುವೆ ನೆನೆಯುವ ಹೊತ್ತೇ ಇಲ್ಲದೆ. ಆ ಕಾಲದ ಕೋಟ್ಯಂತರ ಮನೆಗಳ ಕತೆ ಇದೇ. ಅವರು ಕೆಟ್ಟದಾಗಿ ಬಾಳಲಿಲ್ಲ. ಆದರೆ ಲೈಬ್ರರಿಯ ಆ ಪುಸ್ತಕದಲ್ಲಿ ಒಂದು ಪುಟ ಸವೆಸಿದವರು ಇಂಥ ಮನೆಗಳ ಹೆಂಗಸರೇ. ಬಿಂದಿಗೆ ಕೆಳಗಿಟ್ಟು “ಏನಾಯ್ತು ನಿಂಗೆ?” ಎಂದು ಕೇಳುವವನಿಗಾಗಿ ಅವರು ಆ ಪುಟಕ್ಕೆ ಹೋಗುತ್ತಿದ್ದರು.

ಗಂಡು ಹೆಣ್ಣು ಬರೀ ಸ್ನೇಹಿತರಾಗಿರಲು ಒಂದು ಜಾಗ ಬೇಕು. ನಮ್ಮ ಊರು ಅಂಥ ಜಾಗವನ್ನು ಕೊಟ್ಟ ಊರುಗಳಲ್ಲಿ ಒಂದು ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. ಹುಡುಗಿಯರಿಗೆ ಮಹಾರಾಣಿ ಕಾಲೇಜು ಬೇರೆಯೇ ಇದ್ದರೂ ಮೇಲಿನ ತರಗತಿಗಳಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಕೂರುವ ಕಾಲ ಬಂತು. ಕುವೆಂಪು ಕುಲಪತಿಗಳಾಗಿದ್ದ 1956ರಿಂದ 1960ರ ಅವಧಿಯಲ್ಲಿ ಕುಕ್ಕರಹಳ್ಳಿ ಕೆರೆಯ ಪಕ್ಕದ ಬಯಲಿನಲ್ಲಿ ಸ್ನಾತಕೋತ್ತರ ಕೇಂದ್ರ ರೂಪುಗೊಂಡು, ಅವರೇ ಇಟ್ಟ ಹೆಸರಿನಿಂದ ಮಾನಸಗಂಗೋತ್ರಿಯಾಯಿತು. ತರಗತಿಯಿಂದ ಗ್ರಂಥಾಲಯಕ್ಕೆ, ಗ್ರಂಥಾಲಯದಿಂದ ಕ್ಯಾಂಟೀನಿಗೆ, ಅಲ್ಲಿಂದ ಕೆರೆಯ ಏರಿಗೆ ನಡೆಯುವ ದಾರಿಗಳು ಉದ್ದವಾಗಿದ್ದವು. ದಾರಿ ಉದ್ದವಾಗಿದ್ದರೆ ಮಾತು ಬೆಳೆಯುತ್ತದೆ.

ನಾನು ಅಲ್ಲಿಗೆ ವಿದ್ಯಾರ್ಥಿನಿಯಾಗಿ ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನಮ್ಮ ತರಗತಿಯಲ್ಲಿ ಹುಡುಗರು ಹುಡುಗಿಯರು ಪರಸ್ಪರ ಬಹುವಚನದಲ್ಲೇ ಮಾತಾಡುತ್ತಿದ್ದೆವು. “ರೀ, ನೋಟ್ಸ್ ಕೊಡ್ತೀರಾ?” “ನಾಳೆ ತನ್ನಿ, ಮರೀಬೇಡಿ.” ಇಪ್ಪತ್ತೊಂದು ವರ್ಷದವರು ತಾಲ್ಲೂಕು ಕಚೇರಿಯ ಗುಮಾಸ್ತರ ಹಾಗೆ ಮಾತಾಡುವ ಕಾಲ ಅದು. ನನ್ನ ಗೆಳತಿಯೊಬ್ಬಳು ಮೊದಲ ಬೆಂಚಿನವಳು. ನೋಟ್ಸಿಗೆ ಎರಡು ಬಣ್ಣದ ಶಾಯಿ, ಮೋಡವಿಲ್ಲದ ದಿನವೂ ಕೊಡೆ. ನಮ್ಮದೇ ತರಗತಿಯ ಒಬ್ಬ ಹುಡುಗ ಎಂದೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಬಂದರೆ ಡೆಸ್ಕಿನ ಮೇಲೆ ತಬಲ. ಪಠ್ಯದ ಒಂದು ಪುಸ್ತಕಕ್ಕೆ ಗ್ರಂಥಾಲಯದಲ್ಲಿ ಇದ್ದದ್ದು ಒಂದೇ ಪ್ರತಿ. ಅದಕ್ಕಾಗಿ ಇಬ್ಬರಿಗೂ ಜಗಳ. ಕೊನೆಗೆ ಇಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತು, ಅವಳು ನೇರವಾಗಿ ಅವನು ತಲೆಕೆಳಗಾಗಿ, ಅದೇ ಪ್ರತಿಯನ್ನು ಓದುವುದು ಎಂದಾಯಿತು. ಅಕ್ಷರಗಳನ್ನು ತಲೆಕೆಳಗಾಗಿ ಓದುವುದನ್ನು ಅವನು ನಿಜವಾಗಿ ಕಲಿತುಬಿಟ್ಟ.

ಎರಡನೆಯ ವರ್ಷದ ಮಳೆಗಾಲ. ಸಂಜೆ ಬಸ್ಸು ಹೊರಟಿದೆ, ನಾವು ಆರೇಳು ಜನ ಹತ್ತಿದ್ದೇವೆ, ಅವನು ಎಂದಿನಂತೆ ಹಿಂದೆ. ಫುಟ್‌ಬೋರ್ಡಿನ ಮೇಲಿಂದ ಅವಳು ಕೂಗಿದಳು: “ಬೇಗ ಬಾರೋ!” ಬಸ್ಸಿನಲ್ಲಿದ್ದ ನಮ್ಮ ತರಗತಿಯವರೆಲ್ಲ ತಿರುಗಿ ನೋಡಿದೆವು. ‘ಬನ್ನಿ’ ಹೋಗಿ ‘ಬಾರೋ’ ಬಂದಿತ್ತು. ಅವಳಿಗೆ ತಾನು ಏನು ಹೇಳಿದೆನೆಂಬುದು ಗೊತ್ತೇ ಆಗಿರಲಿಲ್ಲ. ಪ್ರೀತಿ ಅಂತ ಅವರಿಬ್ಬರೂ ಬಾಯಿಬಿಟ್ಟು ಹೇಳಿದ್ದು ಅದಾದ ಮೂರು ವರ್ಷದ ಮೇಲೆ. ನನ್ನ ಮಟ್ಟಿಗೆ ಅವರ ಕತೆಯ ಸವೆದ ಪುಟ ಆ ಬಸ್ಸಿನ ಫುಟ್‌ಬೋರ್ಡು.

ಇದು ನಮ್ಮಂಥ ಭಾಷೆಯವರಿಗೆ ದಕ್ಕುವ ಸೂಕ್ಷ್ಮ. ನೀವು, ನೀನು ಎಂಬ ಎರಡು ಮೆಟ್ಟಿಲು ಇರುವ ಭಾಷೆಯಲ್ಲಿ ಸ್ನೇಹಕ್ಕೆ ಒಂದು ಹೊಸ್ತಿಲಿದೆ, ಅದನ್ನು ದಾಟಿದ ಗಳಿಗೆ ಕಿವಿಗೆ ಕೇಳಿಸುತ್ತದೆ. ಹೆಣ್ಣು ಗಂಡಿಗೆ ಏಕವಚನ ಹೇಳುವ ಸಮಾನತೆ ಹಳೆಯ ದಾಂಪತ್ಯದಲ್ಲಿ ಇರಲಿಲ್ಲ. ಸ್ನೇಹದಲ್ಲಿ ಮಾತ್ರ ಇತ್ತು. ಆ ಗೆಳತಿಗೆ ಮದುವೆಯಾದ ಮೂರನೆಯ ದಿನ ಅತ್ತೆಯವರು ಮೆತ್ತಗೆ, “ನಾಲ್ಕು ಜನರ ಎದುರಿಗೆ ಹೋಗೋ ಬಾರೋ ಅನ್ನಬೇಡಮ್ಮಾ” ಅಂದರಂತೆ. ಅವಳು ಒಪ್ಪಿದಳು. ನಡುಮನೆಯಲ್ಲಿ ‘ರೀ’, ಕೋಣೆಯೊಳಗೆ ‘ಲೋ’. ನಲವತ್ತು ವರ್ಷ ಆ ಹೊಸ್ತಿಲನ್ನು ದಿನಕ್ಕೆ ಹತ್ತು ಸಲ ಆಚೆ ಈಚೆ ದಾಟಿದ್ದೇನೆ ಎಂದು ಅವಳು ಹೇಳಿದಾಗ ಅವಳ ದನಿಯಲ್ಲಿ ಬೇಸರ ಇರಲಿಲ್ಲ. ನನಗೆ ಮಾತ್ರ ಬೇಸರವಾಯಿತು.

ಮಾನಸಗಂಗೋತ್ರಿಯ ಮಾತು ಬಂದ ಮೇಲೆ ಈ ಊರಿನ ಅತ್ಯಂತ ಸುಂದರವಾದ ನಿಜದ ಕತೆಯನ್ನು ಹೇಳದೆ ಇರಲಾರೆ. ಬೆಂಗಳೂರಿನ ಹುಡುಗಿ ರಾಜೇಶ್ವರಿ ತತ್ತ್ವಶಾಸ್ತ್ರ ಓದಲು ಮೈಸೂರಿಗೆ ಬಂದರು. ಕನ್ನಡ ಎಂ.ಎ. ಓದುತ್ತಿದ್ದವರು ಪೂರ್ಣಚಂದ್ರ ತೇಜಸ್ವಿ. ಒಬ್ಬರದು ಪೇಟೆಯ ಬೆಳವಣಿಗೆ, ಚಿಂತನೆಯ ಶಾಸ್ತ್ರ. ಇನ್ನೊಬ್ಬರದು ಸಿತಾರ್, ಕ್ಯಾಮೆರಾ, ಕೋವಿ, ಮೀನಿನ ಗಾಳ, ಒಂದು ಕಡೆ ನಿಲ್ಲದ ಕಾಲು. ಕುಲಪತಿಯಾಗಿದ್ದ ಮಹಾಕವಿಯ ಮಗ ಡಿಗ್ರಿ ಹಿಡಿದು ಕೆಲಸ ಹುಡುಕುವುದನ್ನು ಬಿಟ್ಟು, ಮೂಡಿಗೆರೆಯ ಕಡೆ ಭೂತನಕಾಡಿನಲ್ಲಿ ಕಾಫಿ ತೋಟ ಮಾಡಲು ಹೊರಟರು. ಪರಿಚಯ ಸ್ನೇಹವಾಗಿ, ಸ್ನೇಹ ಒಲವಾಗಿ, ಒಲವು ಕಾಗದಗಳಲ್ಲಿ ಕಾದು ಕೂತಿತು. 1966ರ ನವೆಂಬರಿನಲ್ಲಿ, ತೇಜಸ್ವಿಯವರ ತೋಟ ಚಿತ್ರಕೂಟದಲ್ಲಿ, ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ರೀತಿಯಲ್ಲಿ ಮದುವೆ ನಡೆಯಿತು. ಪುರೋಹಿತರಿಲ್ಲ, ಆಡಂಬರವಿಲ್ಲ. ಮುಂದೆ ಕರ್ನಾಟಕದ ಎಷ್ಟೋ ಯುವಕ ಯುವತಿಯರು ಆ ದಾರಿ ಹಿಡಿದರು.

ತೇಜಸ್ವಿ 2007ರ ಏಪ್ರಿಲ್ 5ರಂದು ತೀರಿಕೊಂಡರು. ಆಮೇಲೆ ರಾಜೇಶ್ವರಿಯವರು ಬರೆಯಲು ಕೂತರು. ಪುಸ್ತಕಕ್ಕೆ ಅವರು ಇಟ್ಟ ಹೆಸರು ‘ನನ್ನ ತೇಜಸ್ವಿ’. ಈ ಎರಡು ಶಬ್ದಗಳನ್ನು ನಾನು ವಿದ್ಯಾರ್ಥಿಗಳಿಗೆ ಒಂದಿಡೀ ತರಗತಿ ಪಾಠ ಮಾಡಿದ್ದೇನೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದೇ ಅಪರೂಪವಾಗಿದ್ದ ತಲೆಮಾರು ಅದು. ‘ನಮ್ಮ ಯಜಮಾನರು’ ಎನ್ನುವುದು ವಾಡಿಕೆ. ಇಲ್ಲಿ ‘ಅವರು’ ಇಲ್ಲ, ‘ಪತಿ’ ಇಲ್ಲ. ಕ್ಯಾಂಪಸ್ಸಿನ ಮರದ ನೆರಳಲ್ಲಿ ಗೆಳತಿಯೊಬ್ಬಳು ಗೆಳೆಯನನ್ನು ಕರೆದ ಹೆಸರು ಹಾಗೇ ಮುಖಪುಟಕ್ಕೆ ಬಂದು ಕೂತಿದೆ. ಪುಸ್ತಕದೊಳಗೆ ತೇಜಸ್ವಿಯವರು ಬರೆದ ಕಾಗದಗಳೂ ಇವೆ. ನಾಡು ಬಲ್ಲ ಒರಟು, ಖಡಕ್ ಲೇಖಕ ಅಲ್ಲಿ ಬೇರೆಯೇ ದನಿಯಲ್ಲಿ ಕೇಳಿಸುತ್ತಾರೆ.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದದ್ದು ಇನ್ನೊಂದಿದೆ. ಇಬ್ಬರೂ ಬದಲಾಗಲಿಲ್ಲ. ತೇಜಸ್ವಿ ಕೊನೆಯವರೆಗೂ ಕೆರೆ, ಹಕ್ಕಿ, ಸ್ಕೂಟರು, ಕಂಪ್ಯೂಟರು ಎಂದು ಒಂದರ ಹಿಂದೊಂದು ಹುಚ್ಚು ಹಿಡಿಸಿಕೊಂಡವರು. ರಾಜೇಶ್ವರಿ ಆ ಮನೆಯನ್ನು, ತೋಟವನ್ನು, ಬಂದು ಹೋಗುವ ಗೆಳೆಯರ ದಂಡನ್ನು ನಿಂತ ನೆಲದಲ್ಲಿ ನಿಂತು ನಡೆಸಿದವರು. ಒಬ್ಬರು ಇನ್ನೊಬ್ಬರ ಹಾಗೆ ಆಗಲಿ ಎಂದು ಎಳೆದಾಡಿದ ಗುರುತು ನನಗೆ ಕಾಣಲಿಲ್ಲ. ಸ್ನೇಹಿತರು ತಪ್ಪನ್ನು ಹೇಳಿದರೂ ಒಬ್ಬರನ್ನೊಬ್ಬರು ಬದಲಿಸಲು ಹೋಗುವುದಿಲ್ಲ, ಪ್ರೇಮಿಗಳು ಬದಲಿಸಲು ನೋಡುತ್ತಾರೆ. ಮೊದಲು ಸ್ನೇಹಿತರಾಗಿದ್ದವರಿಗೆ ಆ ಚಪಲ ಅಷ್ಟಾಗಿ ಇರುವುದಿಲ್ಲವೇನೋ. ರಾಜೇಶ್ವರಿಯವರು 2021ರ ಡಿಸೆಂಬರಿನಲ್ಲಿ ನಮ್ಮನ್ನು ಅಗಲಿದರು.

ವಿರುದ್ಧ ಸ್ವಭಾವಗಳು ಒಂದನ್ನೊಂದು ಸೆಳೆಯುತ್ತವೆ ಎಂಬುದು ನಿಜವೇ? ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವಿಂಚ್ 1950ರ ದಶಕದಲ್ಲಿ ಹೌದೆಂದು ವಾದಿಸಿದರು. ತನ್ನಲ್ಲಿ ಇಲ್ಲದ್ದನ್ನು ಮನುಷ್ಯ ಸಂಗಾತಿಯಲ್ಲಿ ಹುಡುಕುತ್ತಾನೆ ಎಂಬುದು ಅವರ ಮಾತಿನ ತಿರುಳು. ಅದನ್ನು ಮುಂದಿನವರು ಅಷ್ಟಾಗಿ ಒಪ್ಪಲಿಲ್ಲ. ಕೊಲರಾಡೊ ವಿಶ್ವವಿದ್ಯಾನಿಲಯದವರು 2023ರಲ್ಲಿ, 1903ರಿಂದ ಆವರೆಗೆ ನಡೆದ ಸುಮಾರು 200 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಧರ್ಮ, ರಾಜಕೀಯ ನಿಲುವು, ಓದಿನ ಮಟ್ಟ ಇವುಗಳಲ್ಲಿ ದಂಪತಿಗಳು ಬಹುಮಟ್ಟಿಗೆ ಒಂದೇ ಬಗೆಯವರು. ಆದರೆ ಮಾತುಗಾರನೋ ಮೌನಿಯೋ ಎಂಬ ವಿಷಯದಲ್ಲಿ ಹೊಂದಿಕೆ ತೀರ ಕಡಿಮೆ. ಮಾತುಗಾರರಿಗೆ ಮಾತುಗಾರರೂ ಸಿಗುತ್ತಾರೆ, ಮೌನಿಗಳೂ ಸಿಗುತ್ತಾರೆ. ಇದನ್ನು ಓದಿದಾಗ ನನಗೆ ಲೈಬ್ರರಿಯ ಕಾದಂಬರಿಯ ಆ ಇಬ್ಬರು ಸ್ಪಷ್ಟವಾದರು. ಅವರ ವಿರೋಧ ಇದ್ದದ್ದು ಮಾತಿನಲ್ಲಿ, ನಡಿಗೆಯಲ್ಲಿ, ಸಿಟ್ಟು ತೋರಿಸುವ ರೀತಿಯಲ್ಲಿ. ಬೇರು ಒಂದೇ ನೀರಿಗೆ ಇಳಿದಿತ್ತು. ರಾಜೇಶ್ವರಿ ಮತ್ತು ತೇಜಸ್ವಿ ಮಂತ್ರಮಾಂಗಲ್ಯಕ್ಕೆ ಒಪ್ಪಿದರೆಂದರೆ ಬೇರಿನ ಮಾತು ಅಲ್ಲಿಯೇ ಮುಗಿಯಿತು. ಆದರೆ ಬೇರು ಮೊದಲ ದಿನ ಕಾಣುವುದಿಲ್ಲ. ಮೊದಲ ದಿನ ಕಾಣುವುದು ಕೊಡೆ ಮತ್ತು ತಬಲ.

ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾನಿಲಯದ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 1,900 ಜನರ ಪೈಕಿ ಮೂರರಲ್ಲಿ ಎರಡು ಪಾಲು ತಮ್ಮ ಸಂಬಂಧ ಸ್ನೇಹದಿಂದಲೇ ಶುರುವಾಯಿತು ಎಂದಿದ್ದಾರೆ. ಅವರಲ್ಲಿನ ವಿದ್ಯಾರ್ಥಿಗಳು ಪ್ರೇಮಿಗಳಾಗುವ ಮೊದಲು ಸ್ನೇಹಿತರಾಗಿದ್ದ ಕಾಲ ಸರಾಸರಿ 22 ತಿಂಗಳ ಹತ್ತಿರ. ಅಂದರೆ ಎಂ.ಎ. ಓದಿನ ಎರಡು ವರ್ಷ. ನಮ್ಮ ದೇಶದ ಲೆಕ್ಕ ಬೇರೆಯೇ ಇರುತ್ತದೆ, ನಮ್ಮಲ್ಲಿ ಆ ಇಪ್ಪತ್ತೆರಡು ತಿಂಗಳನ್ನು ಯಾರು ಕೊಡುತ್ತಾರೆ?

ಕೊಡದೇ ಹೋದರೆ ಏನಾಗುತ್ತದೆ ಎಂಬುದನ್ನು ಕನ್ನಡ ಸಾಹಿತ್ಯ ಕಣ್ಣಿಗೆ ಕಟ್ಟುವಂತೆ ಬರೆದಿಟ್ಟಿದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಮೈಸೂರಿನಲ್ಲಿ ಓದಿ ಬಂದ ಅಂತರ್ಮುಖಿ ಹೂವಯ್ಯನಿಗೂ ಸೀತೆಗೂ ಒಲವಿದೆ, ಹಿರಿಯರ ಲೆಕ್ಕಾಚಾರ ಸೀತೆಯನ್ನು ರಾಮಯ್ಯನಿಗೆ ಕಟ್ಟುತ್ತದೆ. ಮೂವರ ಬಾಳೂ ನುಚ್ಚುನೂರಾಗುತ್ತದೆ. ಮೂವತ್ತು ವರ್ಷದ ಮೇಲೆ, 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಅದೇ ಲೇಖಕರು ಚಿನ್ನಮ್ಮನಿಗೆ ಬೇರೆ ದಾರಿ ತೆರೆದರು. ಚಿಕ್ಕಂದಿನ ಒಡನಾಡಿ ಮುಕುಂದಯ್ಯನಿಗಾಗಿ ಅವಳು ಮದುವೆಯ ಮನೆಯಿಂದಲೇ ರಾತ್ರಿಯ ಕಾಡಿಗೆ ನುಗ್ಗುತ್ತಾಳೆ. ಕತ್ತಲಲ್ಲಿ ದಾರಿ ತೋರಿಸುವವಳು ಪೀಂಚಲು. ಒಂಟಿಕೊಪ್ಪಲಿನ ತಮ್ಮ ಮನೆ ಉದಯರವಿಯಲ್ಲಿ ಕೂತು ಕುವೆಂಪು ಆ ರಾತ್ರಿಯನ್ನು ಬರೆಯುತ್ತಿದ್ದ ಕಾಲಕ್ಕೂ ಮಗನ ಮದುವೆಗೂ ಹೆಚ್ಚು ಅಂತರವಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ನಮ್ಮೂರಿನವರೇ ಆದ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ನೆನೆಯಿರಿ. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದರು. ಮೋಹನನಿಗೂ ಇಂದಿರೆಗೂ ಮದುವೆ ಗೊತ್ತಾಗಿದೆ, ನಡುವೆ ಆಸ್ತಿಯಿದೆ. ಇಂದಿರೆಗೆ ತಮ್ಮ ಹುಟ್ಟಿ ಆಸ್ತಿಯ ಆಸೆ ಕೈತಪ್ಪಿದ ಕೂಡಲೇ ಅವನು ಮುಖ ತಿರುಗಿಸುತ್ತಾನೆ. ಮುಂದೆ ಅವಳ ಆರೈಕೆಯಲ್ಲಿ ಅವಳ ಬೆಲೆ ತಿಳಿದು ಹಿಂದಿರುಗಿ ಕೇಳಿದಾಗ ಇಂದಿರೆ ಒಲ್ಲೆ ಅನ್ನುತ್ತಾಳೆ. ಅವನು ಅವಳನ್ನು ಅರಿತದ್ದು ನಿಜ. ಅರಿಯುವ ಮೊದಲೇ ಬೆಲೆ ಕಟ್ಟಿದ್ದನಲ್ಲ, ಅದನ್ನು ಅವಳು ಮರೆಯಲಿಲ್ಲ. 35ನೆಯ ವಯಸ್ಸು ತುಂಬುವಷ್ಟರಲ್ಲೇ ತೀರಿಕೊಂಡ ಒಬ್ಬ ಹೆಣ್ಣುಮಗಳು ಚಾಮುಂಡಿಪುರದ ಮನೆಯಲ್ಲಿ ಕೂತು ಇಂಥ ಗಟ್ಟಿ ‘ಒಲ್ಲೆ’ಯನ್ನು ಬರೆದರು.

ಇನ್ನೊಂದು ‘ಒಲ್ಲೆ’ಯನ್ನೂ ಹೇಳಿಬಿಡುತ್ತೇನೆ, ಹಿಂದಿನ ಸಾಲಿನ ಹುಡುಗರು ದಯವಿಟ್ಟು ಕೇಳಿಸಿಕೊಳ್ಳಿ. ಉಷಾ ನವರತ್ನರಾಂ ಅವರ ಕಾದಂಬರಿಯನ್ನು ಮೈಸೂರಿನ ರಾಜೇಂದ್ರಸಿಂಗ್ ಬಾಬು 1984ರಲ್ಲಿ ‘ಬಂಧನ’ ಎಂಬ ಸಿನಿಮಾ ಮಾಡಿದರು. ಡಾಕ್ಟರ್ ಹರೀಶ ನಂದಿನಿಯ ಸ್ನೇಹವನ್ನು ಪ್ರೀತಿ ಎಂದು ತಿಳಿದುಕೊಳ್ಳುತ್ತಾನೆ. ಅವಳದು ಬರೀ ಸ್ನೇಹ. ವಿಷ್ಣುವರ್ಧನ್ ಅವರ ಆ ಪಾತ್ರಕ್ಕಾಗಿ ನಮ್ಮ ತಲೆಮಾರು ಕಣ್ಣೀರು ಸುರಿಸಿತು, ನಾನೂ ಸುರಿಸಿದೆ. ಆದರೆ ನಂದಿನಿಯ ತಪ್ಪೇನು? ಸ್ನೇಹ ಪ್ರೀತಿಯ ಮುಂಗಡವಲ್ಲ, ಕಟ್ಟಿದ ಮೇಲೆ ಸರಕು ಕೊಡಲೇಬೇಕು ಅನ್ನಲು. ಎರಡು ವರ್ಷ ನೋಟ್ಸ್ ಕೊಟ್ಟೆ, ಮಳೆಯಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟೆ, ಈಗ ಅವಳು ಒಲ್ಲೆ ಅನ್ನುತ್ತಾಳೆ ಎಂದು ನನ್ನ ಮುಂದೆ ಬಂದು ದೂರಿದ ಹುಡುಗರಿದ್ದಾರೆ. ಅವರ ನೋವು ನಿಜ. ಆದರೂ ಹೇಳಬೇಕಾದದ್ದನ್ನು ಹೇಳಿದ್ದೇನೆ: ನೀನು ಮಾಡಿದ್ದು ಸ್ನೇಹವಾಗಿದ್ದರೆ ಅದು ಇನ್ನೂ ನಿನ್ನ ಹತ್ತಿರ ಇದೆ, ಹೋಗಿ ಅದನ್ನು ಕಾಪಾಡಿಕೋ.

ಮತ್ತೊಂದು ಅಡ್ಡಿ ಜಾತಿ, ಧರ್ಮ. ಕ್ಯಾಂಪಸ್ಸು ಇಪ್ಪತ್ತೆರಡು ತಿಂಗಳನ್ನು ಕೊಟ್ಟರೂ ಮನೆ ಕೊಡುವುದಿಲ್ಲ. ತೇಜಸ್ವಿಯವರೇ ‘ಚಿದಂಬರ ರಹಸ್ಯ’ದಲ್ಲಿ ರಫಿ ಮತ್ತು ಜಯಂತಿಯರನ್ನು ಸೃಷ್ಟಿಸಿದರು. ಊರು ಹೊತ್ತಿ ಉರಿಯುವಾಗ ಆ ಇಬ್ಬರು ಎಳೆಯರು ಒಬ್ಬರಿಗೊಬ್ಬರು ಉಳಿಯುತ್ತಾರೆ. ಸ್ವತಃ ಸ್ನೇಹದ ದಾರಿಯಲ್ಲಿ ಬಂದ ಲೇಖಕನಿಗೆ ಆ ದಾರಿಯ ಮುಳ್ಳುಗಳ ಅರಿವು ಎಷ್ಟಿತ್ತು ಎಂಬುದಕ್ಕೆ ಆ ಪುಟಗಳು ಸಾಕ್ಷಿ. ಈ ವಿಷಯದಲ್ಲಿ ನಾವು ಆ ಕಾದಂಬರಿ ಬಂದ 1985ರಿಂದ ಮುಂದೆ ಬಂದಿದ್ದೇವೆಯೇ ಎಂಬುದನ್ನು ಪ್ರತಿದಿನದ ಪತ್ರಿಕೆ ನೋಡಿ ನೀವೇ ಹೇಳಬೇಕು.

ಮತ್ತೆ ಅಪ್ಪ ಅಮ್ಮನ ಹತ್ತಿರ ಬರುತ್ತೇನೆ. ಅಪ್ಪ ನಿವೃತ್ತರಾದ ಮೇಲೆ ಇಬ್ಬರೂ ಕುಕ್ಕರಹಳ್ಳಿ ಕೆರೆಯ ಏರಿಗೆ ಸಂಜೆ ಹೋಗಲು ಶುರು ಮಾಡಿದರು. ಮೊದಲ ತಿಂಗಳು ಅಪ್ಪ ಹತ್ತು ಮಾರು ಮುಂದೆ, ಅಮ್ಮ ಹಿಂದೆ, ಮಾತಿಲ್ಲ. ಆಮೇಲೆ ಯಾವಾಗಲೋ ನಡಿಗೆ ಒಂದಾಯಿತು. ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದನ್ನು ಅಪ್ಪ ಅಮ್ಮನಿಗೆ ತೋರಿಸಿದರಂತೆ. ಅಮ್ಮ ಅದನ್ನು ನನಗೆ ಬಂದು ಹೇಳುವಾಗ ಮುಖ ಹದಿನಾರರದ್ದಾಗಿತ್ತು. “ಅವರು ಇಷ್ಟು ಮಾತಾಡ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ ಕಣೇ” ಅಂದಳು. ಮದುವೆಯಾಗಿ ಮೂವತ್ತೆಂಟು ವರ್ಷವಾಗಿತ್ತು.

ಅದಾದ ಒಂದೆರಡು ವರ್ಷಕ್ಕೆ ಅಮ್ಮನ ಭುಜ ಹಿಡಿದುಕೊಂಡು ಕೈ ಮೇಲೆತ್ತಲು ಆಗದಂತಾಯಿತು. ಆ ವರ್ಷದ ನರಕ ಚತುರ್ದಶಿಗೆ ನಾನು ತವರಿಗೆ ಹೋಗಿದ್ದೆ. ಬೆಳಗಿನ ಜಾವ ಎದ್ದು ನೋಡಿದರೆ ಹಿತ್ತಲ ಕಡೆ ದೀಪ ಉರಿಯುತ್ತಿದೆ. ಬಚ್ಚಲ ಒಲೆಯಲ್ಲಿ ತೆಂಗಿನ ಗರಿ ಚಟಪಟ ಅನ್ನುತ್ತಿದೆ, ಹಂಡೆಯ ಕಂಠಕ್ಕೆ ಸುಣ್ಣದ ಪಟ್ಟೆ, ಕೆಮ್ಮಣ್ಣಿನ ಬೊಟ್ಟು. ಅಮ್ಮ ಮಣೆಯ ಮೇಲೆ ಕೂತಿದ್ದಾಳೆ. ಹಿಂದೆ ಮೋಟು ಕುರ್ಚಿಯ ಮೇಲೆ ಅಪ್ಪ, ಪಂಚೆಯನ್ನು ಮೊಣಕಾಲಿಗೆ ಕಟ್ಟಿ, ಎಡಗೈಯಲ್ಲಿ ಎಣ್ಣೆ ಬಟ್ಟಲು ಹಿಡಿದು, ಲೆಕ್ಕ ಬರೆಯುವ ಎಚ್ಚರದಲ್ಲಿ ಬೈತಲೆಯ ಉದ್ದಕ್ಕೂ ಎಣ್ಣೆ ಬಿಡುತ್ತಿದ್ದಾರೆ. ಸೀಗೆಪುಡಿಯನ್ನು ಗಂಜಿಯಲ್ಲಿ ಕಲಸಿ ಪಕ್ಕದಲ್ಲಿ ಇಟ್ಟಾಗಿದೆ. ನಾನು ಬಾಗಿಲ ಮರೆಯಲ್ಲೇ ನಿಂತೆ.

“ಸಾಕೇನೇ? ನೀರು ಕಾದಿದೆ,” ಅಂದರು ಅಪ್ಪ.

“ಇನ್ನೂ ನೆನೀಬೇಕು. ಕೂತ್ಕೊಳ್ಳಿ ಸುಮ್ನೆ.”

ಅಪ್ಪ ಬಟ್ಟಲು ಕೆಳಗಿಟ್ಟು ಕೂತರು.